ಕಿರಣಗಳ ಲೆಕ್ಕಕ್ಕೆ ಎಂತಹ ಯಂತ್ರ ಬೇಕು?

ಎತ್ತನ್ನು ಕೊಳ್ಳಲು ಸಂತೆಗೆ ಹೊರಡುವ ರೈತನು ತನ್ನ ಹೊಲವೆಷ್ಟು, ಮಣ್ಣು ಎಂತಹದು, ಕೂಡಿಟ್ಟ ಮೇವು ಎಷ್ಟು ದಿನಕ್ಕೆ ಸಾಕಾದೀತು ಎಂಬುದನ್ನೆಲ್ಲ ಮೊದಲೇ ಎಣಿಸಿಕೊಂಡಿರುತ್ತಾನೆ. ಗಣಕಯಂತ್ರವನ್ನು ಕೊಳ್ಳುವಾಗ ಓದುಬರಹ ಬಲ್ಲ ನಾವು ಈ ವಿವೇಕವನ್ನು ಅನೇಕ ವೇಳೆ ಮರೆಯುತ್ತೇವೆ. ಯಂತ್ರವನ್ನು ಮೊದಲು ತಂದು, ಅದಕ್ಕೆ ತಕ್ಕ ಕೆಲಸವನ್ನು ಆಮೇಲೆ ಹುಡುಕುತ್ತೇವೆ. ಈ ಕ್ರಮವು ಸರಿಯಲ್ಲವೆಂದು ಒಂದು ಉದಾಹರಣೆಯ ಮೂಲಕ ತೋರಿಸಿಕೊಡುವುದು ಈ ಲೇಖನದ ಉದ್ದೇಶ.

ಇತ್ತೀಚಿನ ವರ್ಷಗಳಲ್ಲಿ 'ರೇ ಟ್ರೇಸಿಂಗ್' ಅಥವಾ ಕಿರಣಾನುಸರಣ ಎಂಬ ಮಾತು ವಿದ್ಯಾರ್ಥಿಗಳ ಬಾಯಲ್ಲಿ ಬಹಳವಾಗಿ ಕೇಳಿಬರುತ್ತಿದೆ. ಗಣಕದ ಆಟಗಳನ್ನು ಆಡುವವರು ಇದನ್ನು ಬಲ್ಲರು. ಚಲನಚಿತ್ರಗಳ ಕೃತಕ ದೃಶ್ಯಗಳನ್ನು ರಚಿಸುವವರೂ ಬಲ್ಲರು. ಇದಕ್ಕೆ ಬೆಲೆಬಾಳುವ ವಿಶೇಷ ಯಂತ್ರಾಂಶವಿಲ್ಲದೆ ಗತಿಯಿಲ್ಲ ಎಂಬ ನಂಬಿಕೆಯೂ ಜೊತೆಗೇ ಹರಡಿದೆ. ಗೋಕಾಕದಲ್ಲಿಯೋ ಹುಕ್ಕೇರಿಯಲ್ಲಿಯೋ ಓದುವ ಬಡ ವಿದ್ಯಾರ್ಥಿ ಈ ಮಾತನ್ನು ಕೇಳಿ, ಇದು ತನ್ನಂತಹವರ ವಿದ್ಯೆಯಲ್ಲವೆಂದು ದೂರ ಸರಿದರೆ ಅದು ದೊಡ್ಡ ನಷ್ಟ. ಮೂಡಲಗಿಯ ಒಂದು ಕಾಲೇಜು ತನ್ನ ಪ್ರಯೋಗಶಾಲೆಯ ವರ್ಷದ ಹಣವನ್ನೆಲ್ಲ ಒಂದು ಗ್ರಾಫಿಕ್ಸ್ ಕಾರ್ಡಿಗೆ ಸುರಿದು, ರಸಾಯನಶಾಸ್ತ್ರದ ಗಾಜಿನ ಕೊಳವೆಗಳಿಗೆ ಹಣವಿಲ್ಲವೆಂದರೆ ಅದೂ ನಷ್ಟವೇ. ಆದುದರಿಂದ ವಿಷಯವನ್ನು ಬುಡದಿಂದ ವಿಚಾರಿಸುವುದು ಒಳ್ಳೆಯದು.

ನೆರಳಿನ ಗಣಿತ

ಕಿರಣದ ಲೆಕ್ಕ ನಮ್ಮ ದೇಶಕ್ಕೆ ಹೊಸತೇನೂ ಅಲ್ಲ. ಭಾಸ್ಕರಾಚಾರ್ಯರ 'ಲೀಲಾವತಿ'ಯಲ್ಲಿ ನೆರಳನ್ನು ಕುರಿತ ಪ್ರಕರಣವೇ ಉಂಟು. ದೀಪದ ಎತ್ತರ, ಕೋಲಿನ ಎತ್ತರ, ಅವುಗಳ ನಡುವಣ ದೂರ ಇವು ತಿಳಿದರೆ ನೆರಳಿನ ಉದ್ದವನ್ನು ಸಮರೂಪ ತ್ರಿಭುಜಗಳಿಂದ ಕಂಡುಹಿಡಿಯಬಹುದು. ಬೆಳಕು ನೇರವಾಗಿ ಸಾಗುತ್ತದೆ ಎಂಬ ಒಂದೇ ಸಂಗತಿ ಇದಕ್ಕೆಲ್ಲ ಆಧಾರ.

ಗಣಕವು ಮಾಡುವುದೂ ಇದನ್ನೇ. ಬೆಟ್ಟ, ಮನೆ, ಮರ ಮೊದಲಾದ ಯಾವ ಆಕಾರವನ್ನಾದರೂ ಅದು ಸಣ್ಣ ಸಣ್ಣ ತ್ರಿಭುಜಗಳನ್ನಾಗಿ ಒಡೆದು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಬಿಂದುವಿನಿಂದ ಒಂದು ದಿಕ್ಕಿಗೆ ಹೊರಟ ಸರಳರೇಖೆಯೇ ಕಿರಣ. ಈ ಕಿರಣವು ಯಾವ ತ್ರಿಭುಜವನ್ನು ಮೊದಲು ಮುಟ್ಟುತ್ತದೆ ಎಂಬುದೇ ಪ್ರಶ್ನೆ. ಉತ್ತರಕ್ಕೆ ಎರಡು ಹೆಜ್ಜೆಗಳು. ತ್ರಿಭುಜವಿರುವ ಸಮತಲವನ್ನು ಕಿರಣವು ಎಷ್ಟು ದೂರದಲ್ಲಿ ಛೇದಿಸುತ್ತದೆ ಎಂದು ನೋಡುವುದು ಮೊದಲನೆಯದು; ಆ ಛೇದನಬಿಂದು ತ್ರಿಭುಜದ ಒಳಗಿದೆಯೋ ಹೊರಗಿದೆಯೋ ಎಂದು ನೋಡುವುದು ಎರಡನೆಯದು. 1997ರಲ್ಲಿ ತೋಮಾಸ್ ಮೋಲರ್ ಮತ್ತು ಬೆನ್ ಟ್ರಂಬೋರ್ ಎಂಬವರು ಈ ಎರಡು ಹೆಜ್ಜೆಗಳನ್ನೂ ಒಂದುಗೂಡಿಸಿದ ಒಂದು ಚುಟುಕಾದ ವಿಧಾನವನ್ನು ಪ್ರಕಟಿಸಿದರು. ಕೆಲವು ಹತ್ತು ಗುಣಾಕಾರ ಸಂಕಲನಗಳು ಮತ್ತು ಒಂದು ಭಾಗಾಕಾರ, ಇಷ್ಟರಲ್ಲಿ ಒಂದು ಪರೀಕ್ಷೆ ಮುಗಿಯುತ್ತದೆ. ಸದಿಶಗಳ ಗುಣಾಕಾರವನ್ನು ಬಲ್ಲ ಪಿ.ಯು.ಸಿ. ವಿದ್ಯಾರ್ಥಿ ಅದನ್ನು ಕಾಗದದ ಮೇಲೆ ತಾನೇ ಮಾಡಿ ನೋಡಬಹುದು.

ಒಂದು ಪರೀಕ್ಷೆ ಸುಲಭವೆಂಬುದು ನಿಜ. ಪರೀಕ್ಷೆಗಳ ಸಂಖ್ಯೆ ಬೆಳೆಯುವುದರಿಂದಲೇ ಕಷ್ಟ ಬರುವುದು. ಐ.ಬಿ.ಎಂ. ಸಂಸ್ಥೆಯ ಆರ್ಥರ್ ಅಪ್ಪೆಲ್ ಈ ವಿಧಾನದಿಂದ ಚಿತ್ರಗಳಿಗೆ ನೆರಳು ಕೊಡುವುದನ್ನು 1968ರಲ್ಲಿ ತೋರಿಸಿದರು. 1980ರಲ್ಲಿ ಟರ್ನರ್ ವಿಟೆಡ್ ಎಂಬವರು ಕನ್ನಡಿಯ ಪ್ರತಿಫಲನವನ್ನೂ ಗಾಜಿನ ವಕ್ರೀಭವನವನ್ನೂ ಇದರಲ್ಲಿ ಸೇರಿಸಿದರು. ಜಟಿಲವಾದ ದೃಶ್ಯಗಳಲ್ಲಿ ಒಟ್ಟು ಕಾಲದ ನೂರಕ್ಕೆ 95 ಪಾಲಿಗೂ ಮಿಗಿಲಾದ ಕಾಲವು ಈ ಛೇದನದ ಲೆಕ್ಕಕ್ಕೇ ಹೋಗುತ್ತದೆಂದು ವಿಟೆಡ್ ಆಗಲೇ ಬರೆದರು. ಈ ಭಾರವನ್ನು ಇಳಿಸಲು ವಿಶೇಷ ಯಂತ್ರಗಳನ್ನು ಕಟ್ಟಬೇಕೆಂಬ ಹಂಬಲಕ್ಕೆ ಇದೇ ಕಾರಣ.

ಮೂರು ತಾಲ್ಲೂಕುಗಳ ಒಂದು ಲೆಕ್ಕ

ಈಗ ನಮ್ಮ ನೆಲಕ್ಕೇ ಬರೋಣ. ಘಟಪ್ರಭಾ ನದಿಯು ಹುಕ್ಕೇರಿ ತಾಲ್ಲೂಕಿನಲ್ಲಿ ಹಿಡಕಲ್ ಜಲಾಶಯವನ್ನು ತುಂಬಿ, ಮುಂದೆ ಗೋಕಾಕದ ಬಳಿ ಸುಮಾರು 52 ಮೀಟರು ಎತ್ತರದಿಂದ ಕಮರಿಗೆ ಧುಮುಕುತ್ತದೆ. ಸುತ್ತಲೂ ಕಡಿದಾದ ಬಂಡೆಗಳ ಬೆಟ್ಟಸಾಲು. ಬೆಟ್ಟದ ಬುಡದಲ್ಲಿ ಬಿಸಿಲು ತಡವಾಗಿ ಬರುತ್ತದೆ, ಬೇಗನೆ ಹೋಗುತ್ತದೆ. ಹೊಲದಲ್ಲಿ ಸೌರ ಪಂಪನ್ನು ಹಾಕಿಸಬೇಕೆನ್ನುವವರಿಗೆ ವರ್ಷದಲ್ಲಿ ಎಷ್ಟು ಹೊತ್ತು ಬಿಸಿಲು ದೊರೆಯುತ್ತದೆಂಬುದು ಕುತೂಹಲದ ಪ್ರಶ್ನೆ ಮಾತ್ರವಲ್ಲ. ಹಾಕಿದ ಹಣ ಹಿಂದಿರುಗುವ ಪ್ರಶ್ನೆ. ಮೊಬೈಲ್ ಗೋಪುರದ ಅಲೆಗಳು ಯಾವ ಹಳ್ಳಿಗೆ ಬೆಟ್ಟದ ಅಡ್ಡಿಯಿಲ್ಲದೆ ತಲುಪುತ್ತವೆ ಎಂಬುದೂ ಇದೇ ಜಾತಿಯ ಪ್ರಶ್ನೆ. ಎರಡೂ ಕಿರಣ ಛೇದನದ ಲೆಕ್ಕಗಳೇ.

ಇದಕ್ಕೆ ಬೇಕಾದ ಭೂಮಿಯ ಎತ್ತರಗಳ ಪಟ್ಟಿ ನಮಗೆ ಉಚಿತವಾಗಿ ದೊರೆಯುತ್ತದೆ. 2000ನೆಯ ಇಸವಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರೇಡಾರಿನಿಂದ ಅಳೆದ ಎತ್ತರಗಳು ಇವೆ. 2005ರಲ್ಲಿ ನಮ್ಮ ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹದ ಚಿತ್ರಗಳಿಂದ ಸಿದ್ಧಪಡಿಸಿದ ಎತ್ತರಗಳೂ ಇವೆ. ಎರಡರಲ್ಲಿಯೂ ಸುಮಾರು 30 ಮೀಟರಿಗೆ ಒಂದರಂತೆ ಬಿಂದುಗಳು ಸಿಗುತ್ತವೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ಊರುಗಳೂ ಒಳಗೊಳ್ಳುವಂತೆ 60 ಕಿಲೋಮೀಟರು ಉದ್ದ, 40 ಕಿಲೋಮೀಟರು ಅಗಲದ ಒಂದು ಆಯತವನ್ನು ಎಳೆಯೋಣ. 30 ಮೀಟರಿನ ಅಂತರದಲ್ಲಿ ಇದರೊಳಗೆ ಸುಮಾರು 26 ಲಕ್ಷ 67 ಸಾವಿರ ಬಿಂದುಗಳಾಗುತ್ತವೆ. ನಾಲ್ಕು ಬಿಂದುಗಳ ನಡುವಣ ಪ್ರತಿಯೊಂದು ಚೌಕವನ್ನೂ ಎರಡು ತ್ರಿಭುಜಗಳಾಗಿ ಸೀಳಿದರೆ ಸುಮಾರು 53 ಲಕ್ಷ ತ್ರಿಭುಜಗಳು. ಪ್ರತಿ ಬಿಂದುವಿನಿಂದಲೂ ಸೂರ್ಯನ ಕಡೆಗೆ ಒಂದು ಕಿರಣವನ್ನು ಬಿಟ್ಟು, ಅದು ಯಾವುದಾದರೂ ತ್ರಿಭುಜಕ್ಕೆ ತಗುಲಿದರೆ ಅಲ್ಲಿ ನೆರಳು, ಇಲ್ಲವಾದರೆ ಬಿಸಿಲು.

ಪ್ರತಿ ಕಿರಣವನ್ನೂ ಪ್ರತಿ ತ್ರಿಭುಜದೊಡನೆ ಪರೀಕ್ಷಿಸಿದರೆ ಒಟ್ಟು ಪರೀಕ್ಷೆಗಳು ಸುಮಾರು 14 ಲಕ್ಷ ಕೋಟಿ. ಒಂದು ಸಾಧಾರಣ ಗಣಕವು ಸೆಕೆಂಡಿಗೆ 100 ಕೋಟಿ ಪರೀಕ್ಷೆಗಳನ್ನು ಮಾಡುತ್ತದೆಂದು ಇಟ್ಟುಕೊಳ್ಳೋಣ. ಆಗ ಸೂರ್ಯನ ಒಂದು ಸ್ಥಾನಕ್ಕೆ ಸುಮಾರು 4 ಗಂಟೆ ಬೇಕು. ತಿಂಗಳಿಗೆ ಒಂದು ದಿನ, ದಿನಕ್ಕೆ ಅರ್ಧ ಗಂಟೆಗೊಮ್ಮೆ 24 ಸ್ಥಾನ ಎಂದರೆ ವರ್ಷಕ್ಕೆ 288 ಸ್ಥಾನಗಳು. ಒಟ್ಟು ಕಾಲ ಸುಮಾರು 47 ದಿನ. ಇಲ್ಲಿಯೇ ನಮ್ಮ ವಿದ್ಯಾರ್ಥಿ ನಿಟ್ಟುಸಿರು ಬಿಟ್ಟು ದುಬಾರಿ ಯಂತ್ರದ ಜಾಹೀರಾತಿನ ಕಡೆಗೆ ನೋಡುತ್ತಾನೆ. ನೂರು ಪಾಲು ವೇಗದ ಯಂತ್ರವನ್ನು ತಂದರೆ 47 ದಿನದ ಕೆಲಸ ಸುಮಾರು 11 ಗಂಟೆಗಳಲ್ಲಿ ಮುಗಿಯುತ್ತದೆ. ಸಾಧನೆಯೇನೋ ಸಣ್ಣದಲ್ಲ. ಆದರೆ ಇದಕ್ಕಿಂತ ಉತ್ತಮವಾದ ಹಾದಿಯೊಂದು ಉಂಟು, ಮತ್ತು ಅದಕ್ಕೆ ಹಣ ಬೇಡ.

ಅಂಚೆಯವರ ಜಾಣತನ

ಮೂಡಲಗಿಯ ಒಂದು ಮನೆಗೆ ಬರೆದ ಕಾಗದವನ್ನು ಅಂಚೆಯವರು ದೇಶದ ಪ್ರತಿಯೊಂದು ಮನೆಯ ಬಾಗಿಲಿಗೂ ಒಯ್ದು ವಿಚಾರಿಸುವುದಿಲ್ಲ. ರಾಜ್ಯವನ್ನು ನೋಡುತ್ತಾರೆ, ಜಿಲ್ಲೆಯನ್ನು ನೋಡುತ್ತಾರೆ, ಊರನ್ನು ನೋಡುತ್ತಾರೆ, ಕೊನೆಗೆ ಓಣಿಯನ್ನು ನೋಡುತ್ತಾರೆ. ಒಂದೊಂದು ಹೆಜ್ಜೆಗೂ ಲಕ್ಷಾಂತರ ಮನೆಗಳು ಪರೀಕ್ಷೆಯಿಲ್ಲದೆಯೇ ಬಿಟ್ಟುಹೋಗುತ್ತವೆ.

ಕಿರಣದ ಲೆಕ್ಕದಲ್ಲಿಯೂ ಹೀಗೆಯೇ ಮಾಡಬಹುದು. ಎಲ್ಲ ತ್ರಿಭುಜಗಳನ್ನೂ ಒಂದು ದೊಡ್ಡ ಪೆಟ್ಟಿಗೆಯಲ್ಲಿ ಇರಿಸಿದೆವೆಂದು ಭಾವಿಸಿ. ಅದರೊಳಗೆ ಎರಡು ಪೆಟ್ಟಿಗೆ, ಅವುಗಳೊಳಗೆ ಮತ್ತೆ ಎರಡೆರಡು, ಹೀಗೆ ಕವಲೊಡೆಯುತ್ತ ಹೋದರೆ ಒಂದು ವೃಕ್ಷವಾಗುತ್ತದೆ. ಕಿರಣವು ಒಂದು ಪೆಟ್ಟಿಗೆಯನ್ನು ಮುಟ್ಟದಿದ್ದರೆ ಅದರೊಳಗಿನ ಯಾವ ತ್ರಿಭುಜವನ್ನೂ ನೋಡಬೇಕಾದುದಿಲ್ಲ. 53 ಲಕ್ಷವನ್ನು ಎರಡರಿಂದ ಭಾಗಿಸುತ್ತ ಬಂದರೆ 23 ಮಟ್ಟಗಳಲ್ಲಿ ಒಂದಕ್ಕೆ ಇಳಿಯುತ್ತೇವೆ. ಕೆಲವು ಕವಲುಗಳಲ್ಲಿ ಹಿಂದಕ್ಕೆ ಬಂದು ಮತ್ತೊಂದು ಕಡೆ ಹೊಕ್ಕು ನೋಡಬೇಕಾಗುವುದರಿಂದ ಒಂದು ಕಿರಣಕ್ಕೆ ಸುಮಾರು 100 ಪರೀಕ್ಷೆ ಎಂದು ಧಾರಾಳವಾಗಿಯೇ ಎಣಿಸೋಣ. ಆಗ ಅದೇ ಸಾಧಾರಣ ಗಣಕದಲ್ಲಿ 288 ಸ್ಥಾನಗಳ ಲೆಕ್ಕವೂ ಸೇರಿ ಸುಮಾರು 77 ಸೆಕೆಂಡು! ನೆನಪಿನ ಕೋಶದಲ್ಲಿ ಅಲ್ಲಲ್ಲಿ ಹುಡುಕಾಡುವ ತೊಂದರೆಯಿಂದ ವೇಗವು ಹತ್ತನೆಯ ಒಂದು ಪಾಲಿಗೆ ಇಳಿದರೂ 13 ನಿಮಿಷದೊಳಗೆ ಕೆಲಸ ತೀರುತ್ತದೆ.

ನೂರು ಪಾಲು ವೇಗದ ಯಂತ್ರವು ಉಪಾಯವಿಲ್ಲದೆ 11 ಗಂಟೆಯಲ್ಲಿ ಮಾಡಿದುದನ್ನು, ಮನೆಯಲ್ಲಿರುವ ಗಣಕವು ಉಪಾಯದಿಂದ ಕಾಲು ಗಂಟೆಯಲ್ಲಿ ಮಾಡುತ್ತದೆ. ಇದನ್ನು ವಾಚಕರು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಇನ್ನೂ ಒಂದು ಮಾತುಂಟು. ನೆಲದ ಎತ್ತರಗಳು ಚೌಕುಳಿಯಂತೆ ಸಾಲಾಗಿ ಇರುವುದರಿಂದ ಇಲ್ಲಿ ತ್ರಿಭುಜಗಳೇ ಬೇಡವೆನ್ನಬಹುದು. ಪ್ರತಿ ಬಿಂದುವಿನಲ್ಲಿ ನಿಂತು 5 ಅಂಶಕ್ಕೆ ಒಂದರಂತೆ 72 ದಿಕ್ಕುಗಳಲ್ಲಿ ದಿಗಂತವು ಎಷ್ಟು ಮೇಲೆ ಕಾಣುತ್ತದೆಂಬುದನ್ನು ಒಮ್ಮೆ ಅಳೆದು ಬರೆದಿಟ್ಟರೆ, ಆಮೇಲೆ ಯಾವ ದಿನದ ಯಾವ ಗಳಿಗೆಗೇ ಆಗಲಿ ಸೂರ್ಯನ ಎತ್ತರವನ್ನು ಅದರೊಡನೆ ಹೋಲಿಸಿದರೆ ಸಾಕು. ತೀರ ನಿಖರವಾದ ಉತ್ತರ ಬರದಿದ್ದರೂ ಸೌರಫಲಕದ ವಿಚಾರಕ್ಕೆ ಇದು ಬೇಕಾದಷ್ಟಾಯಿತು. ಪ್ರಶ್ನೆಯ ಸ್ವರೂಪವನ್ನು ನೋಡಿದವನಿಗೆ ಮಾತ್ರ ಇಂತಹ ಹಾದಿ ಕಾಣುತ್ತದೆ.

ಯಂತ್ರಗಳ ಗುಣದೋಷ

ಹಾಗಾದರೆ ವಿಶೇಷ ಯಂತ್ರಗಳು ವ್ಯರ್ಥವೆ? ಖಂಡಿತ ಅಲ್ಲ. ಯಾವುದು ಯಾವ ಕೆಲಸಕ್ಕೆ ಎಂಬುದನ್ನು ಅರಿಯಬೇಕು, ಅಷ್ಟೆ.

ಗಣಕದ ಕೇಂದ್ರ ಸಂಸ್ಕಾರಕ, ಅಂದರೆ ಸಿ.ಪಿ.ಯು., ಕೆಲವೇ ಮಂದಿ ಚತುರ ಕೆಲಸಗಾರರಿದ್ದಂತೆ. ಕವಲು ಕವಲಾದ ಕೆಲಸವನ್ನು ಒಬ್ಬೊಬ್ಬರೂ ಸ್ವತಂತ್ರವಾಗಿ ಮಾಡಬಲ್ಲರು. ಇದರ ಮೇಲೆ ಕಿರಣದ ಲೆಕ್ಕವನ್ನು ಚುರುಕಾಗಿ ನಡೆಸಲು ಇಂಟೆಲ್ ಸಂಸ್ಥೆಯ 'ಎಂಬ್ರೀ' ಎಂಬ ಕ್ರಮವಿಧಿಗಳ ಸಂಗ್ರಹವು ಉಚಿತವಾಗಿ ದೊರೆಯುತ್ತದೆ.

ಗ್ರಾಫಿಕ್ಸ್ ಕಾರ್ಡಿನಲ್ಲಿರುವ ಜಿ.ಪಿ.ಯು. ಕವಾಯತಿನ ದಳದಂತೆ. ಸಾವಿರಾರು ಸಣ್ಣ ಕೆಲಸಗಾರರು ಇದ್ದಾರೆ. ಆದರೆ ಎನ್‌ವಿಡಿಯಾ ಸಂಸ್ಥೆಯ ಕಾರ್ಡುಗಳಲ್ಲಿ 32 ಮಂದಿಯ ಒಂದೊಂದು ಸಾಲು ಒಟ್ಟಿಗೇ ಹೆಜ್ಜೆ ಹಾಕಬೇಕು. ಸೂರ್ಯನ ಕಿರಣಗಳಂತೆ ಎಲ್ಲವೂ ಸಮಾಂತರವಾಗಿ ಸಾಗಿದರೆ ದಳವು ಸೊಗಸಾಗಿ ನಡೆಯುತ್ತದೆ. ಗೋಡೆಗೆ ಬಡಿದು ದಿಕ್ಕಾಪಾಲಾಗಿ ಚದರಿದ ಕಿರಣಗಳಾದರೆ ಒಬ್ಬನಿಗಾಗಿ ಉಳಿದವರು ಕಾಯುತ್ತ ನಿಲ್ಲಬೇಕಾಗುತ್ತದೆ.

ಮೂರನೆಯದು, ಕಿರಣ ಛೇದನಕ್ಕೆಂದೇ ಕಟ್ಟಿದ ಮಂಡಲಗಳು. ಜರ್ಮನಿಯ ಸಾರ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2005ರಲ್ಲಿ ಇಂತಹ ಒಂದು ಮಾದರಿಯನ್ನು ಎಫ್.ಪಿ.ಜಿ.ಎ. ಎಂಬ, ಬೇಕಾದಂತೆ ಜೋಡಿಸಬಹುದಾದ ಬಿಲ್ಲೆಯ ಮೇಲೆ ನಡೆಸಿ ತೋರಿಸಿದರು. 2018ರಲ್ಲಿ ಎನ್‌ವಿಡಿಯಾ ಸಂಸ್ಥೆಯು ತನ್ನ ಕಾರ್ಡುಗಳಲ್ಲಿಯೇ ಇಂತಹ ಮಂಡಲಗಳನ್ನು ಅಳವಡಿಸಿ ಮಾರಾಟಕ್ಕೆ ತಂದಿತು, 2020ರಲ್ಲಿ ಎ.ಎಂ.ಡಿ., 2022ರಲ್ಲಿ ಇಂಟೆಲ್ ಸಂಸ್ಥೆಗಳು ಅದೇ ಹಾದಿಯನ್ನು ಹಿಡಿದವು. ತನ್ನ ದೊಡ್ಡ ಕಾರ್ಡು ಸೆಕೆಂಡಿಗೆ 1000 ಕೋಟಿ ಕಿರಣಗಳನ್ನು ನಿಭಾಯಿಸಬಲ್ಲುದೆಂದು ಎನ್‌ವಿಡಿಯಾ ಆಗ ಹೇಳಿಕೊಂಡಿತು. ಗಮನಿಸಬೇಕಾದ ಅಂಶವೆಂದರೆ, ಈ ಮಂಡಲಗಳು ಮಾಡುವುದೂ ಪೆಟ್ಟಿಗೆಯ ಪರೀಕ್ಷೆ ಮತ್ತು ತ್ರಿಭುಜದ ಪರೀಕ್ಷೆಗಳನ್ನೇ. ಪೆಟ್ಟಿಗೆಗಳ ವೃಕ್ಷವೆಂಬ ಉಪಾಯವು ಮೊದಲು ಗಣಿತಜ್ಞರ ಕಾಗದದಲ್ಲಿ ಹುಟ್ಟಿತು. ಸಿಲಿಕಾನಿನಲ್ಲಿ ಅದನ್ನು ಕೆತ್ತಿದುದು ಆಮೇಲೆ. ಚಲಿಸುವ ದೃಶ್ಯದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಕೋಟ್ಯಂತರ ಚದರಿದ ಕಿರಣಗಳನ್ನು ಅನುಸರಿಸಬೇಕಾದವರಿಗೆ ಈ ಯಂತ್ರವೇ ಸರಿ. ಪೇಟೆಯ ಕಟ್ಟಡಗಳಿಗೆ ಬಡಿದು ಬಡಿದು ಸಾಗುವ ರೇಡಿಯೋ ಅಲೆಗಳ ಲೆಕ್ಕಕ್ಕೂ ಇದು ಒಳ್ಳೆಯ ಸಾಧನ.

ಇದಕ್ಕೆ ಮಿತಿಗಳೂ ಇವೆ. ಈ ಮಂಡಲಗಳು ಸಂಖ್ಯೆಗಳನ್ನು ಸುಮಾರು 7 ಅಂಕಿಗಳ ನಿಖರತೆಯಲ್ಲಿ ಮಾತ್ರ ಹಿಡಿದಿಡುತ್ತವೆ. ಗೋಕಾಕವು ಭೂಮಧ್ಯರೇಖೆಯಿಂದ ಸುಮಾರು 18 ಲಕ್ಷ ಮೀಟರು ಉತ್ತರದಲ್ಲಿದೆ. ಅಲ್ಲಿಂದಲೇ ದೂರವನ್ನು ಎಣಿಸಿ ಯಂತ್ರಕ್ಕೆ ಕೊಟ್ಟರೆ ಪಕ್ಕಪಕ್ಕದ ಎರಡು ಸಂಖ್ಯೆಗಳ ನಡುವೆ ಹನ್ನೆರಡೂವರೆ ಸೆಂಟಿಮೀಟರಿನ ಅಂತರ ಉಳಿಯುತ್ತದೆ. ತೆಳುವಾದ ಗೋಡೆಯೊಂದು ಲೆಕ್ಕದಲ್ಲಿ ಮಾಯವಾಗಬಹುದು. ಗೋಕಾಕ ಪೇಟೆಯನ್ನೇ ಮೂಲಬಿಂದುವೆಂದು ಇಟ್ಟುಕೊಂಡರೆ 30 ಕಿಲೋಮೀಟರಿನ ಅಂಚಿನಲ್ಲಿಯೂ ಈ ಅಂತರವು 2 ಮಿಲಿಮೀಟರಿಗೆ ಇಳಿಯುತ್ತದೆ. ಇದಕ್ಕೆ ಬೇಕಾದುದು ಒಂದು ವ್ಯವಕಲನ ಮಾತ್ರ. ಎರಡು ಪಟ್ಟು ಅಂಕಿಗಳ ನಿಖರತೆಯೇ ಬೇಕೆನ್ನುವ ಕೆಲಸವಾದರೆ ಆಟಕ್ಕೆಂದು ಮಾರುವ ಕಾರ್ಡುಗಳ ವೇಗವು 32ರಲ್ಲಿ ಅಥವಾ 64ರಲ್ಲಿ ಒಂದು ಪಾಲಿಗೆ ಕುಸಿಯುತ್ತದೆಂಬುದನ್ನು ಕೊಳ್ಳುವವರು ತಿಳಿದಿರಬೇಕು.

ಇನ್ನೊಂದು ಮಿತಿ ನೆನಪಿನ ಕೋಶದ್ದು. ನಮ್ಮ 53 ಲಕ್ಷ ತ್ರಿಭುಜಗಳಿಗೆ, ಒಂದಕ್ಕೆ 36 ಬೈಟುಗಳಂತೆ, ಸುಮಾರು 19 ಕೋಟಿ ಬೈಟುಗಳು ಸಾಕು. ಆದರೆ ಡ್ರೋನಿನಿಂದ 10 ಸೆಂಟಿಮೀಟರಿಗೆ ಒಂದರಂತೆ ಬಿಂದುಗಳನ್ನು ಅಳೆದರೆ ಒಂದೇ ಚದರ ಕಿಲೋಮೀಟರಿನಲ್ಲಿ 20 ಕೋಟಿ ತ್ರಿಭುಜಗಳು. ಮೂರು ಮೂಲೆಗಳನ್ನೂ ಬಿಡಿಬಿಡಿಯಾಗಿ ಬರೆದರೆ 720 ಕೋಟಿ ಬೈಟುಗಳು. ಅದರ ಮೇಲೆ ವೃಕ್ಷಕ್ಕೂ ಸ್ಥಳ ಬೇಕು. 8 ಗಿಗಾಬೈಟಿನ ಕಾರ್ಡಿನಲ್ಲಿ ಇದು ಹಿಡಿಸಲಾರದು. ಅದಕ್ಕಿಂತ ಹೆಚ್ಚಿನ ನೆನಪುಳ್ಳ ಸಾಧಾರಣ ಗಣಕದಲ್ಲಿ ಹಿಡಿಸುತ್ತದೆ. ಹಿಡಿಸದ ಪಾತ್ರೆ ಎಷ್ಟು ಹೊಳಪಿನದಾದರೇನು?

ನಮ್ಮ ಅಭಿಪ್ರಾಯ

1967ರಲ್ಲಿ ಜೀನ್ ಆಮ್‌ಡಾಲ್ ಎಂಬವರು ಹೇಳಿದ ಸರಳವಾದ ಒಂದು ನಿಯಮವನ್ನು ಇಲ್ಲಿ ನೆನೆಯಬೇಕು. ಕೆಲಸದ ನೂರಕ್ಕೆ 95 ಪಾಲು ಛೇದನದ ಲೆಕ್ಕವಾದರೆ, ಆ ಪಾಲನ್ನು ಕ್ಷಣಮಾತ್ರದಲ್ಲಿ ಮುಗಿಸುವ ಯಂತ್ರವನ್ನು ತಂದರೂ ಇಡೀ ಕೆಲಸವು 20 ಪಟ್ಟಿಗಿಂತ ಹೆಚ್ಚು ವೇಗವಾಗಲಾರದು. ಆ ಪಾಲು ಅರ್ಧವೇ ಆಗಿದ್ದರೆ ಲಾಭವು ಎರಡು ಪಟ್ಟು ಮಾತ್ರ. ಆದುದರಿಂದ ಅಳತೆ ಮೊದಲು, ಖರೀದಿ ಆಮೇಲೆ.

ಯಾವುದೇ ಕಾಲೇಜು ಇಂತಹ ಯಂತ್ರವನ್ನು ಕೊಳ್ಳಲು ಅರ್ಜಿ ಬರೆಯುವಾಗ ನಾಲ್ಕು ಸಂಖ್ಯೆಗಳನ್ನು ಅದರಲ್ಲಿ ಕಾಣಿಸಬೇಕೆಂಬುದು ನಮ್ಮ ಸಲಹೆ: ತ್ರಿಭುಜಗಳೆಷ್ಟು, ಕಿರಣಗಳೆಷ್ಟು, ಬೇಕಾದ ನಿಖರತೆ ಎಷ್ಟು, ಈಗಿರುವ ಗಣಕದಲ್ಲಿ ಒಳ್ಳೆಯ ವಿಧಾನದಿಂದ ಹಿಡಿಯುವ ಕಾಲವೆಷ್ಟು. ಈ ನಾಲ್ಕನ್ನು ಬರೆಯಲು ಆಗದವರಿಗೆ ಯಂತ್ರದ ಅಗತ್ಯ ಇನ್ನೂ ಬಂದಿಲ್ಲವೆಂದೇ ತಿಳಿಯಬೇಕು. ಬರೆಯಬಲ್ಲವರಿಗೆ ಯಾವ ಯಂತ್ರ ಬೇಕೆಂಬುದು ಆ ಸಂಖ್ಯೆಗಳಿಂದಲೇ ಹೊಳೆಯುತ್ತದೆ.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ನಾಳೆ ಬೆಂಗಳೂರಿನಲ್ಲಿ ಉದ್ಯೋಗಕ್ಕೆ ಹೋಗುವ ಹುಡುಗನಿಗೆ, ಹುಡುಗಿಗೆ ಇಂದಿನ ಯಂತ್ರದ ಪರಿಚಯವಿರಬೇಡವೆ? ಇರಲೇಬೇಕು. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಪರಿಚಯಕ್ಕೆ ಕಾಲೇಜಿಗೊಂದು ಯಂತ್ರ ಬೇಕಿಲ್ಲ. ಇಂತಹ ದೊಡ್ಡ ಕಾರ್ಡೊಂದು 450 ವಾಟುಗಳವರೆಗೆ ವಿದ್ಯುತ್ತನ್ನು ಎಳೆಯುತ್ತದೆ. ವರ್ಷದ ಬಹುಪಾಲು ಸುಮ್ಮನೆ ಕುಳಿತಿರುತ್ತದೆ. ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಮೂರು ತಾಲ್ಲೂಕುಗಳ ಕಾಲೇಜುಗಳು ಕೂಡಿ ಒಂದು ಒಳ್ಳೆಯ ಯಂತ್ರವನ್ನು ಇಟ್ಟುಕೊಂಡು, ಸರದಿಯಂತೆ ದೂರದಿಂದಲೇ ಅದನ್ನು ಬಳಸುವಂತಾದರೆ ಹಣವೂ ಉಳಿಯುತ್ತದೆ, ಯಂತ್ರವೂ ದುಡಿಯುತ್ತದೆ. ಅದಕ್ಕಿಂತ ದೊಡ್ಡ ಲೆಕ್ಕಗಳಿಗೆ ದೇಶದಲ್ಲಿ ಬೇರೆ ಸೌಕರ್ಯಗಳು ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ 'ಪರಮ್ ಪ್ರವೇಗ' ಅವುಗಳಲ್ಲಿ ಒಂದು.

ಕೂಡಿ ದುಡಿಯುವುದು ಈ ನೆಲಕ್ಕೆ ಹೊಸ ಪಾಠವಲ್ಲ. ಹಳ್ಳಿಗಳಿಗೆ ವಿದ್ಯುತ್ತನ್ನು ಹಂಚಲು ಹುಕ್ಕೇರಿಯ ಜನ 1969ರಲ್ಲಿ ಸಹಕಾರಿ ಸಂಘವನ್ನೇ ಕಟ್ಟಿದರು. ಅದಕ್ಕೂ ಬಹಳ ಹಿಂದೆ, ಹತ್ತೊಂಬತ್ತನೆಯ ಶತಮಾನದಲ್ಲಿಯೇ, ಗೋಕಾಕದ ಜಲಪಾತದ ಬಲದಿಂದ ನೂಲಿನ ಗಿರಣಿ ನಡೆಯಿತು. ಅಲ್ಲಿಯೂ ನೀರು ಎಷ್ಟು, ಬೀಳುವ ಎತ್ತರ ಎಷ್ಟು, ತಿರುಗಬೇಕಾದ ಕದಿರುಗಳು ಎಷ್ಟು ಎಂಬ ಲೆಕ್ಕ ಮುಗಿದ ಮೇಲೆಯೇ ಯಂತ್ರಗಳ ಆಯ್ಕೆ ನಡೆಯಬೇಕು.

ತರುಣ ವಾಚಕರಿಗೆ ನಮ್ಮ ಮಾತು ಇಷ್ಟೆ. ಛೇದನದ ಸೂತ್ರವನ್ನು ಮೊದಲು ಕಾಗದದ ಮೇಲೆ ಒಂದು ತ್ರಿಭುಜಕ್ಕೆ ಮಾಡಿ ನೋಡಿ. ಅನಂತರ ಕಾಲೇಜಿನಲ್ಲಿರುವ ಗಣಕದಲ್ಲಿಯೇ ಸಾವಿರ ತ್ರಿಭುಜಗಳಿಗೆ ಕ್ರಮವಿಧಿಯನ್ನು ಬರೆಯಿರಿ; ಪೆಟ್ಟಿಗೆಗಳ ವೃಕ್ಷವಿಲ್ಲದೆ ಒಮ್ಮೆ, ವೃಕ್ಷದೊಡನೆ ಒಮ್ಮೆ. ಎರಡಕ್ಕೂ ಹಿಡಿದ ಕಾಲವನ್ನು ಗುರುತು ಹಾಕಿಕೊಳ್ಳಿ. ಆಮೇಲೆ ನಿಮ್ಮ ಊರಿನ ಎತ್ತರಗಳ ಪಟ್ಟಿಯನ್ನು ತಂದು, ಡಿಸೆಂಬರ್ ತಿಂಗಳ ಬೆಳಗಿನಲ್ಲಿ ಗೋಕಾಕದ ಬೆಟ್ಟದ ನೆರಳು ಯಾವ ಯಾವ ಹೊಲಗಳ ಮೇಲೆ ಬೀಳುತ್ತದೆಂದು ಲೆಕ್ಕ ಹಾಕಿ, ಅಲ್ಲಿಗೇ ಹೋಗಿ ನಿಂತು ಪರೀಕ್ಷಿಸಿ. ಇಷ್ಟನ್ನು ಮಾಡಿದವರು ಮುಂದೆ ಯಂತ್ರದ ಅಂಗಡಿಗೆ ಹೋದಾಗ, ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತಾವೇ ಬಲ್ಲವರಾಗಿರುತ್ತಾರೆ.